ಸ್ಕಾಟ್ಲೆಂಡಿನಲ್ಲಿ ಮೊದಲ ಬಾರಿಗೆ ಬಯಲಿನಲ್ಲಿ ಡೇರೆ ಹಾಕುವವರು ತಿಳಿದಿರಬೇಕಾದದ್ದೇನು?

ಪ್ರಶ್ನೆ

ನಮಸ್ಕಾರ. ನಾವು ದಂಪತಿ ಗ್ಲಾಸ್ಗೋದಲ್ಲಿ ನೆಲೆಸಿದ್ದೇವೆ. ಊರಿನಲ್ಲಿದ್ದಾಗ ಕೊಡಚಾದ್ರಿ, ಕುದುರೆಮುಖಗಳನ್ನು ಹತ್ತಿದ್ದೇವಾದರೂ ಬೆಟ್ಟದಲ್ಲಿ ಡೇರೆ ಹಾಕಿ ಮಲಗಿದ್ದಿಲ್ಲ. ಮೇ ತಿಂಗಳ ಕೊನೆಯಲ್ಲಿ ಲಾಕ್ ಲೋಮಂಡ್ ಸರೋವರದ ಕಡೆ ಒಂದು ರಾತ್ರಿ ತಂಗುವ ಆಸೆಯಿದೆ. ಇಲ್ಲಿ ಅನುಮತಿ ಕೇಳದೆ ಡೇರೆ ಹಾಕಬಹುದೆಂಬುದು ನಿಜವೇ? ಡೇರೆ, ಮಲಗುವ ಚೀಲ, ಚಾಪೆ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹಣ ಹಾಕಬೇಕು?

ಉತ್ತರ 1

ಬಹುಮಟ್ಟಿಗೆ ನಿಜ. 2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯ್ದೆಯು ಈ ಹಕ್ಕನ್ನು ಕೊಟ್ಟಿದೆ. ಆದರೆ ಜವಾಬ್ದಾರಿಯಿಂದ ನಡೆದುಕೊಂಡಾಗ ಮಾತ್ರ ಅದು ಅನ್ವಯಿಸುತ್ತದೆ. ಮನೆಗಳ ಆವರಣ ಮತ್ತು ಬೆಳೆಯಿರುವ ಹೊಲಗಳನ್ನು ಬಿಡಬೇಕು, ಗುಂಪು ಚಿಕ್ಕದಿರಬೇಕು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಉಳಿಯಬಾರದು. ವಾಹನದಲ್ಲಿ ಮಲಗುವುದು ಈ ಹಕ್ಕಿನಲ್ಲಿ ಸೇರುವುದಿಲ್ಲ.

ನೀವು ಆರಿಸಿಕೊಂಡ ಜಾಗದ ವಿಷಯವೇ ಬೇರೆ. ಲಾಕ್ ಲೋಮಂಡ್ ರಾಷ್ಟ್ರೀಯ ಉದ್ಯಾನದ ಹಲವು ಸರೋವರ ತೀರಗಳಲ್ಲಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಪರವಾನಗಿ ಪಡೆಯದೆ ಡೇರೆ ಹಾಕುವಂತಿಲ್ಲ. ಉದ್ಯಾನದ ಜಾಲತಾಣದಲ್ಲಿರುವ ನಕ್ಷೆಯನ್ನು ನೋಡಿ ಮೊದಲೇ ಕಾದಿರಿಸಿಕೊಳ್ಳಿ, ಇಲ್ಲವೇ ಆ ವಲಯಗಳಿಂದ ಹೊರಗೆ ಹೋಗಿ. ಈ ಹಕ್ಕು ಇಂಗ್ಲೆಂಡಿಗೆ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ. ಅಲ್ಲಿ ನೈಋತ್ಯದ ಬಯಲುಪ್ರದೇಶವಾದ ಡಾರ್ಟ್‌ಮೂರ್‌ನಂತಹ ಅಪವಾದವನ್ನು ಬಿಟ್ಟರೆ ಜಮೀನಿನ ಮಾಲೀಕರ ಒಪ್ಪಿಗೆ ಬೇಕು.

ಉತ್ತರ 2

ಹಣದ ವಿಷಯದಲ್ಲಿ ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಚಾಪೆಯಲ್ಲಿ ಉಳಿತಾಯ ಮಾಡಬೇಡಿ. ಚೀಲದೊಳಗಿನ ತುಪ್ಪುಳವು ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಮೈಭಾರಕ್ಕೆ ಅಡಿಭಾಗ ಚಪ್ಪಟೆಯಾದೊಡನೆ ಆ ಗಾಳಿಯೂ ಹೋಗುವುದರಿಂದ, ನೆಲದ ಥಂಡಿಯನ್ನು ತಡೆಯುವ ಕೆಲಸವೆಲ್ಲ ಚಾಪೆಯದೇ. ಆರ್-ಮೌಲ್ಯ (ಥಂಡಿ ತಡೆಯುವ ಶಕ್ತಿಯ ಅಳತೆ) 3ರ ಆಸುಪಾಸಿನ ಚಾಪೆ ಮೇ ತಿಂಗಳಿಗೆ ಸಾಕು. ಚೀಲ ಕೊಳ್ಳುವಾಗ ಅದರ ಮೇಲೆ ನಮೂದಿಸಿರುವ ‘ಕಂಫರ್ಟ್’ (ಹಾಯಾಗಿ ನಿದ್ರಿಸಬಹುದಾದ) ಉಷ್ಣಾಂಶವನ್ನೇ ನೋಡಿ, ‘ಎಕ್ಸ್‌ಟ್ರೀಮ್’ (ಜೀವ ಮಾತ್ರ ಉಳಿಯಬಹುದಾದ) ಅಂಕಿಯನ್ನು ನಂಬಬೇಡಿ.

ತಗ್ಗಿನಲ್ಲಿ ತಣ್ಣನೆಯ ಗಾಳಿಯೂ ಮಳೆನೀರೂ ನಿಲ್ಲುತ್ತವೆ. ಆದ್ದರಿಂದ ಸ್ವಲ್ಪ ಎತ್ತರದಲ್ಲಿ, ಮೆಲುಗಾಳಿ ಆಡುವ, ಕಾಲಿಟ್ಟರೆ ನೀರು ಜಿನುಗದ ಜಾಗವನ್ನು ಹುಡುಕಿ. ಆ ಗಾಳಿಗೆ ಇನ್ನೊಂದು ಉಪಯೋಗವಿದೆ: ಆ ಹೊತ್ತಿಗೆ ಇಲ್ಲಿ ‘ಮಿಡ್ಜ್’ ಎಂಬ ಕಚ್ಚುವ ನುಸಿಗಳು ಶುರುವಾಗುತ್ತವೆ, ಗಾಳಿ ನಿಂತ ಮುಂಜಾನೆ, ಮುಸ್ಸಂಜೆಗಳಲ್ಲಿ ಮುಖಕ್ಕೆ ಮುತ್ತಿಕೊಳ್ಳುತ್ತವೆ, ಬೀಸುಗಾಳಿಯಲ್ಲಿ ಮಾತ್ರ ಹಾರಲಾರವು. ತಲೆಗೆ ಹಾಕುವ ಬಲೆಯನ್ನು ತಪ್ಪದೆ ಒಯ್ಯಿರಿ. ಎಷ್ಟೇ ಮಳೆ ಸುರಿದರೂ ಮುಚ್ಚಿದ ಡೇರೆಯೊಳಗೆ ಒಲೆ ಹಚ್ಚಬೇಡಿ. ಒಲೆಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯಬಲ್ಲದು.

ಉತ್ತರ 3

ಮೇಲಿನವರು ಬಿಟ್ಟ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಿ, ಗುಂಡಿ ತೋಡಿ ಮುಚ್ಚಬೇಕು. ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸು ತರಬೇಕು. ಹೊಳೆಯ ನೀರನ್ನು ಕುದಿಸಿಯೇ ಕುಡಿಯಿರಿ. ಸೌದೆಯ ಬೆಂಕಿ ಬೇಡವೇ ಬೇಡ, ಏಕೆಂದರೆ ಇಲ್ಲಿನ ಪೀಟ್ (ಅರೆಕೊಳೆತ ಸಸ್ಯಗಳಿಂದಾದ, ಉರಿಯಬಲ್ಲ ಮಣ್ಣು) ನೆಲಕ್ಕೆ ತಗುಲಿದ ಕಿಡಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಹಬ್ಬುತ್ತದೆ.

ಮಲೆನಾಡಿನವರಿಗೆ ಉಣುಗು ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ; ಇಲ್ಲಿನ ಉಣುಗಿನಿಂದ ಲೈಮ್ ಎಂಬ ಸೋಂಕುರೋಗ ಬರಬಹುದು. ಸಂಜೆ ಮೊಣಕಾಲಿನ ಹಿಂಭಾಗ, ಸೊಂಟ, ಕಂಕುಳುಗಳನ್ನು ನೋಡಿಕೊಳ್ಳಿ. ಕಚ್ಚಿದ್ದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಹರಡಿದರೆ ವೈದ್ಯರನ್ನು ಕಾಣಿರಿ.

ಹೊರಡುವ ಮುನ್ನ ನಿಮ್ಮ ಮೊಬೈಲನ್ನು ಇಲ್ಲಿನ ತುರ್ತು ಸಂಖ್ಯೆಯಾದ 999ರ ಸಂದೇಶ ಸೇವೆಗೆ ನೋಂದಾಯಿಸಿಕೊಳ್ಳಿ. ಮಾತನಾಡಲು ಸಾಲದಷ್ಟು ದುರ್ಬಲ ಸಿಗ್ನಲ್ ಇರುವ ಕಣಿವೆಗಳಿಂದಲೂ ಕೆಲವೊಮ್ಮೆ ಸಂದೇಶ ಹೋಗುತ್ತದೆ.