ಅಪ್‌ಡೇಟ್: ರೆವಿಟ್‌ನಲ್ಲಿ ಸೀಲಿಂಗ್ ಟ್ಯಾಗ್ ಸಮಸ್ಯೆ ಬಗೆಹರೀತು

ಹೋದ ವಾರ ಕೇಳಿದ್ನಲ್ಲ, ರೆವಿಟ್‌ನಲ್ಲಿ (ಕಟ್ಟಡದ ಮಾಡೆಲ್, ಪ್ಲಾನ್ ಮಾಡೋ ಸಾಫ್ಟ್‌ವೇರ್) ಸೀಲಿಂಗ್‌ಗೆ ಟ್ಯಾಗ್ (ಪ್ಲಾನ್ ಮೇಲೆ ವಿವರ ತೋರಿಸೋ ಚೀಟಿ) ಹಾಕಿದ್ರೆ ಎತ್ತರದ ಬದ್ಲು ಬರೀ "?" ಬರ್ತಿದೆ ಅಂತ, ಅದು ಸರಿಹೋಯ್ತು. ತಪ್ಪು ನಂದೇ. ನಾನು ಲೋಡ್ ಮಾಡಿದ್ದ ಟ್ಯಾಗ್ ಓದ್ತಿದ್ದಿದ್ದು ಟೈಪ್ ಮಾರ್ಕ್ (ಒಂದು ಟೈಪ್‌ನ ಸೀಲಿಂಗ್‌ಗಳಿಗೆಲ್ಲ ಸೇರಿ ಇರೋ ಒಂದೇ ಗುರುತು), ಅದನ್ನ ನಾನು ತುಂಬೇ ಇರ್ಲಿಲ್ಲ, ಖಾಲಿ ಇದ್ರೆ "?" ತಾನೇ ಬರೋದು. ನಿಮ್ಮಲ್ಲೊಬ್ರು ಹೇಳಿದಂಗೆ ಟ್ಯಾಗ್ ಫ್ಯಾಮಿಲಿ (ಟ್ಯಾಗ್‌ನ ಮೂಲ ಫೈಲ್) ಎಡಿಟ್ ಮಾಡಿ ಲೇಬಲ್‌ನಲ್ಲಿ ಟೈಪ್ ಮಾರ್ಕ್ ತೆಗೆದು 'ಹೈಟ್ ಆಫ್‌ಸೆಟ್ ಫ್ರಮ್ ಲೆವೆಲ್' (ಲೆವೆಲ್ ಅಂದ್ರೆ ಆ ಮಹಡಿಯ ಆಧಾರ ಮಟ್ಟ, ಅಲ್ಲಿಂದ ಸೀಲಿಂಗ್ ಎಷ್ಟು ಎತ್ತರ ಅನ್ನೋದು) ಹಾಕಿ ವಾಪಸ್ ಲೋಡ್ ಮಾಡ್ದೆ, ಹಾಲ್‌ಗೆ 2750, ಬಾತ್‌ರೂಮ್‌ಗೆ 2400 (ಎಂಎಂನಲ್ಲಿ) ನೀಟಾಗಿ ಬಂತು.

ಅದಕ್ಕೆ ಮುಂಚೆ ಒಂದು ಪೆದ್ದು ಕೆಲ್ಸ ಮಾಡಿದ್ದೆ, ಹಾಲ್‌ನ "?" ಮೇಲೆ ಕ್ಲಿಕ್ ಮಾಡಿ ಅಲ್ಲೇ 2750 ಅಂತ ಟೈಪ್ ಮಾಡ್ಬಿಟ್ಟಿದ್ದೆ, ಟೈಪ್ ಪ್ಯಾರಾಮೀಟರ್ ಬದಲಾಗತ್ತೆ ಅಂತ ವಾರ್ನಿಂಗ್ ಬಂದ್ರೂ ಓದ್ದೆ ಒಪ್ಕೊಂಡಿದ್ದಕ್ಕೆ ಅದೇ ಟೈಪ್‌ನ ಬಾತ್‌ರೂಮ್ ಸೀಲಿಂಗೂ 2750 ತೋರಿಸ್ತಿತ್ತು 😅

ಇನ್ನೊಂದು ವಿಷ್ಯ, ಈ ಎತ್ತರ ಲೆವೆಲ್‌ನಿಂದ ಲೆಕ್ಕ, ಟೈಲ್ಸ್ ಮೇಲಿಂದಲ್ಲ. ನಮ್ ಬಾತ್‌ರೂಮ್ ಫ್ಲೋರ್ ಲೆವೆಲ್‌ಗಿಂತ 20 ಎಂಎಂ ಕೆಳಗಿದೆ, ಅಂದ್ರೆ ಫಾಲ್ಸ್ ಸೀಲಿಂಗ್‌ನವ್ರು ಅಲ್ಲಿ ನಿಂತು ಟೇಪ್ ಹಿಡಿದ್ರೆ 2420 ಬರ್ಬೇಕು. ಹಂಗಾಗಿ ಸೀಲಿಂಗ್ ಪ್ಲಾನ್‌ನಲ್ಲೇ ಒಂದು ನೋಟ್ ಬರ್ದು ಹಾಕಿದೀನಿ, ಸೈಟಿಂದ ಫೋನ್ ಬರೋದಾದ್ರೂ ತಪ್ಲಿ.

ಹೇಳ್ಕೊಟ್ಟೋರಿಗೆಲ್ಲ ಥ್ಯಾಂಕ್ಸ್ ಕಣ್ರಪ್ಪ.