ಕಾರಿನ ಟೈಟಲ್‌ನಿಂದ (ಮಾಲೀಕತ್ವದ ಪತ್ರದಿಂದ) ಮಾಜಿ ಗಂಡನ ಹೆಸರು ತೆಗೆಸೋದು ಹೇಗೆ? (ಕ್ಯಾಲಿಫೋರ್ನಿಯಾ; ಉತ್ತರಿಸಿದವರ ಗುರುತು ಅವರ ಊರಿನ ಹೆಸರು)

ಪ್ರಶ್ನೆ: ಡಿವೋರ್ಸ್ ಡಿಕ್ರಿ ಬಂದಿದೆ, ಕಾರು ನನ್ನ ಪಾಲಿಗೆ ಅಂತ ಬರೆದಿದೆ. ಆದರೆ ಪಿಂಕ್ ಸ್ಲಿಪ್‌ನಲ್ಲಿ (ಟೈಟಲ್ ಕಾಗದದಲ್ಲಿ) ಇಬ್ಬರ ಹೆಸರೂ ಇದೆ, ನಡುವೆ ‘ಆ್ಯಂಡ್’. ಅವರು ಬೆಂಗಳೂರಲ್ಲಿದ್ದಾರೆ, ಮೆಸೇಜಿಗೆ ಉತ್ತರವಿಲ್ಲ. ಮಕ್ಕಳ ಸ್ಕೂಲು, ಕ್ಲಾಸು ಎಲ್ಲಾ ಇದೇ ಕಾರಲ್ಲಿ. ಅವರ ಸಹಿ ಇಲ್ಲದೆ ಆಗುತ್ತಾ?

ಫ್ರೀಮಾಂಟ್: ಆಗುತ್ತೆ. ‘ಆರ್’ ಇದ್ದಿದ್ದರೆ ನಿಮ್ಮೊಬ್ಬರ ಸಹಿ ಸಾಕಿತ್ತು. ‘ಆ್ಯಂಡ್’ ಇರೋದರಿಂದ ಅವರ ಸಹಿಯ ಜಾಗಕ್ಕೆ ಡಿಕ್ರಿ ಬರಬೇಕು. ಝೆರಾಕ್ಸ್ ನಡೆಯಲ್ಲ, ಕೋರ್ಟ್ ಕ್ಲರ್ಕ್ ಹತ್ತಿರ ಸರ್ಟಿಫೈಡ್ ಕಾಪಿ ತೆಗೆಸಿ. ಪಿಂಕ್ ಸ್ಲಿಪ್‌ನ ಲೈನ್ 1ರಲ್ಲಿ ನಿಮ್ಮ ಸಹಿ, ಹಿಂಬದಿ ಹೊಸ ಮಾಲೀಕರ ಜಾಗದಲ್ಲೂ ನಿಮ್ಮದೇ ವಿವರ. ಡಿಎಂವಿ (ವಾಹನ ನೋಂದಣಿ ಇಲಾಖೆ) ಫಾರ್ಮ್ ರೆಗ್ 256ರಲ್ಲಿ ಕೋರ್ಟ್ ಆದೇಶದ ವರ್ಗಾವಣೆ ಅನ್ನೋದನ್ನ ಟಿಕ್ ಮಾಡಿ. ಮರೆತರೆ ಯೂಸ್ ಟ್ಯಾಕ್ಸ್ (ವಾಹನ ಕೊಂಡಾಗ ಕಟ್ಟುವ ತೆರಿಗೆ) ಕೇಳ್ತಾರೆ. ಪಿಂಕ್ ಸ್ಲಿಪ್ ಕಳೆದಿದ್ದರೆ ಫಾರ್ಮ್ ರೆಗ್ 227. ಅವರ ಹೆಸರಿಗೆ ನೀವೇ ಗೀಟು ಎಳೆಯೋದು, ವೈಟ್ನರ್ ಹಚ್ಚೋದು ಮಾತ್ರ ಬೇಡವೇ ಬೇಡ.

ಕುಪರ್ಟಿನೊ: ಇಷ್ಟೆಲ್ಲ ತಲೆನೋವು ಯಾಕೆ? ಮಾರಿ ಹಾಕಿ! ಹಳೇ ಹೆಸರು ಹೊತ್ತ ಕಾರಲ್ಲಿ ಮಕ್ಕಳನ್ನ ಕೂರಿಸಿಕೊಂಡು ಓಡಾಡೋದು ಅವರ ಮನಸ್ಸಿಗೂ ಒಳ್ಳೇದಲ್ಲ. ಹೊಸದು ತಗೊಳ್ಳಿ, ಒಂದೇ ಹೆಸರಲ್ಲಿ.

ಸನಿವೇಲ್: ನೂರಕ್ಕೆ ನೂರು ನಿಜ. ಎರಡು ಮಕ್ಕಳಿಗೆ ಟೊಯೊಟಾ ಸಿಯೆನ್ನಾ ವ್ಯಾನೇ ಸರಿ, ಹೋಂಡಾ ಪೈಲಟ್ ಬೇಡ.

ಸ್ಯಾನ್ ರಮೋನ್: ಮಾರೋದಕ್ಕೂ ಅದೇ ಎರಡು ಸಹಿ ಬೇಕಲ್ಲ ಸ್ವಾಮಿ! ಸಾಲ ಇದೆಯಾ ಅಂತ ಯಾರೂ ಕೇಳಲಿಲ್ಲ. ಇದ್ದರೆ ಟೈಟಲ್ ಬ್ಯಾಂಕಿನ ಹತ್ತಿರ ಇರುತ್ತೆ, ಎಷ್ಟೋ ಸಲ ಕಾಗದವೇ ಇಲ್ಲದೆ ಎಲೆಕ್ಟ್ರಾನಿಕ್ ಆಗಿ. ಡಿಕ್ರಿ ಬ್ಯಾಂಕನ್ನ ಕಟ್ಟಿಹಾಕಲ್ಲ, ನಿಮ್ಮೊಬ್ಬರ ಹೆಸರಲ್ಲಿ ರೀಫೈನಾನ್ಸ್ ಮಾಡಿಸಬೇಕಾಗಬಹುದು. ಇನ್ಶೂರೆನ್ಸನ್ನೂ ಬಿಡಬೇಡಿ. ಟೈಟಲ್‌ನಲ್ಲಿ ಅವರ ಹೆಸರು ಉಳಿದಿರುವಾಗ ಕಾರು ಟೋಟಲ್ ಆದರೆ (ರಿಪೇರಿಗೆ ಲಾಯಕ್ಕಿಲ್ಲದಷ್ಟು ಜಖಂ ಆದರೆ) ಕ್ಲೇಮ್ ಚೆಕ್ಕು ಇಬ್ಬರ ಹೆಸರಿಗೂ ಬರಬಹುದು, ಆಗ ಮತ್ತೆ ಅದೇ ಸಹಿಗೆ ಅಲೆದಾಟ.

ಕುಪರ್ಟಿನೊ: ಅದಕ್ಕೇ ಹೇಳಿದ್ದು, ಮಾರಿ ಅಂತ.

ಡಬ್ಲಿನ್: ಮಕ್ಕಳು ದೊಡ್ಡವರಾದ ಮೇಲೆ ಇನ್ನೊಂದಿದೆ. ಹದಿನೈದೂವರೆ ವಯಸ್ಸಿಗೆ ಡ್ರೈವಿಂಗ್ ಕಲಿಯೋ ಪರ್ಮಿಟ್ ಅರ್ಜಿ, ಕಸ್ಟಡಿ ಇಬ್ಬರದ್ದೂ ಆಗಿದ್ದರೆ ಸಹಿನೂ ಇಬ್ಬರದ್ದು. ಈಗಲೇ ಯೋಚಿಸಿ.

ಪ್ರಶ್ನೆ ಕೇಳಿದವರು: ಸಾಲ ತೀರಿದೆ. ಡಿಕ್ರಿಯಲ್ಲಿ ‘ಟೊಯೊಟಾ ಕಾರು’ ಅಂತಷ್ಟೇ ಇದೆ, ವಿನ್ (ಕಾರಿನ ಗುರುತಿನ ಸಂಖ್ಯೆ) ಇಲ್ಲ. ಸಾಕಾ?

ಫ್ರೀಮಾಂಟ್: ಡಿಎಂವಿ ಕೌಂಟರ್‌ನಲ್ಲಿ ಎಡವೋದೇ ಅಲ್ಲಿ. ಯಾವ ಟೊಯೊಟಾ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ವರ್ಷ, ಮಾಡೆಲ್, 17 ಅಂಕಿ-ಅಕ್ಷರದ ವಿನ್ ಸೇರಿಸಿ ತಿದ್ದಿದ ಆದೇಶ ಕೇಳಿ. ವಿನ್ನನ್ನ ಡ್ಯಾಶ್‌ಬೋರ್ಡಿನಿಂದ ನೋಡಿ ಬರೆಯಿರಿ. ಅದರಲ್ಲಿ ‘ಓ’ ಅಕ್ಷರ ಬರೋದೇ ಇಲ್ಲ, ದುಂಡಗೆ ಕಂಡರೆ ಸೊನ್ನೆ. ಜೊತೆಗೇ, ಅವರ ಬದಲು ಕೋರ್ಟಿನ ಕ್ಲರ್ಕ್ ಸಹಿ ಹಾಕುವಂತೆ ಎಲೈಸರ್ (ಬದಲಿ ಸಹಿದಾರ) ನೇಮಕಕ್ಕೂ ಅರ್ಜಿ ಕೊಡಬಹುದು. ಅಷ್ಟರೊಳಗೆ ಅವರು ಉತ್ತರಿಸಿದರೆ ಪಿಂಕ್ ಸ್ಲಿಪ್ಪನ್ನೇ ಕೊರಿಯರ್ ಮಾಡಿ, ಶಾಯಿ ಸಹಿ ಸಾಕು, ಸ್ಕ್ಯಾನ್ ಸಾಲದು.

ಸನಿವೇಲ್: ಸಿಯೆನ್ನಾ ಹೈಬ್ರಿಡ್‌ಗೆ ಈಗ ಎಷ್ಟು ದಿನ ಕಾಯಬೇಕು, ಯಾರಿಗಾದರೂ ಗೊತ್ತಾ?