ಕೈಬೆರಳಿನ ಮತ್ತು ಅಂಗಾಲಿನ ನರಹುಲಿ: ಒಂದೂವರೆ ವರ್ಷವಾದರೂ ಹೋಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಲಗೈ ತೋರುಬೆರಳಿನ ಉಗುರಿನ ಪಕ್ಕದಲ್ಲಿ ಒಂದು, ಎಡ ಅಂಗಾಲಿನಲ್ಲಿ ಮೂರು ನರಹುಲಿಗಳಿದ್ದು, ಒಂದೂವರೆ ವರ್ಷದಿಂದ ಕಾಡುತ್ತಿವೆ. ಸ್ಯಾಲಿಸಿಲಿಕ್ ಆಮ್ಲದ ದ್ರಾವಣವನ್ನು ಮೂರು ವಾರ ಹಚ್ಚಿದಾಗ ಮೇಲ್ಪದರ ಬೆಳ್ಳಗಾಗಿ ಸುಲಿದು ಬಂತೇ ಹೊರತು ಗಂಟು ಕರಗಲಿಲ್ಲ. ಬಳಿಕ ಚರ್ಮವೈದ್ಯರಲ್ಲಿ ಎರಡು ಸಲ ದ್ರವ ಸಾರಜನಕ ಹಾಕಿಸಿ ಹೆಪ್ಪುಗಟ್ಟಿಸಿಕೊಂಡೆ. ಕೆಲಸದ ಒತ್ತಡದಿಂದಾಗಿ ಆ ಎರಡು ಭೇಟಿಗಳ ನಡುವೆ ಎರಡು ತಿಂಗಳು ಕಳೆದುಹೋಯಿತು. ಬೆರಳಿನದು ಗುಳ್ಳೆ ಎದ್ದು ಉದುರಿತು, ಆದರೆ ಅದೇ ಜಾಗದ ಸುತ್ತ ಉಂಗುರದಂತೆ ಮತ್ತೆ ಹುಟ್ಟಿಕೊಂಡಿತು. ಬೇರು ಒಳಗೇ ಉಳಿದಿದೆ, ಬ್ಲೇಡಿನಿಂದ ಕೊರೆದು ತೆಗೆಯದೆ ಹೋಗುವುದಿಲ್ಲ ಎನ್ನುತ್ತಾರೆ ಮನೆಯವರು. ನರಹುಲಿಗೆ ನಿಜವಾಗಿಯೂ ಬೇರಿದೆಯೇ?

ಮೊದಲ ಉತ್ತರ

ಬೇರಿಲ್ಲ, ದಯವಿಟ್ಟು ಬ್ಲೇಡನ್ನು ಮುಟ್ಟಬೇಡಿ. ಎಚ್‌ಪಿವಿ ಎಂಬ ವೈರಸ್ ಚರ್ಮದ ಸಣ್ಣ ಬಿರುಕಿನ ಮೂಲಕ ಒಳಸೇರಿ, ಹೊರಚರ್ಮದ ತಳದ ಕೋಶಗಳಲ್ಲಿ ನೆಲೆಯೂರಿ, ಅವು ಅತಿಯಾಗಿ ಬೆಳೆಯುವಂತೆ ಮಾಡುತ್ತದೆ. ಅದಕ್ಕಿಂತ ಆಳಕ್ಕೆ ಅದು ಇಳಿಯುವುದಿಲ್ಲ. ಬೇರಿನ ತುದಿಯೆಂದು ಜನ ತೋರಿಸುವ ಕಪ್ಪು ಚುಕ್ಕಿಗಳು ರಕ್ತ ಹೆಪ್ಪುಗಟ್ಟಿದ ಕೂದಲೆಳೆಯಂಥ ರಕ್ತನಾಳಗಳಷ್ಟೇ. ಕೊರೆದರೆ ಪಕ್ಕದ ಚರ್ಮಕ್ಕೂ ಗಾಯವಾಗಿ, ವೈರಸ್ಸಿಗೆ ನೀವೇ ಹೊಸ ಬಾಗಿಲು ತೆರೆದಂತಾಗುತ್ತದೆ.

ಅಂಗಾಲಿನದು ನರಹುಲಿಯೋ ಆಣಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ನೇರವಾಗಿ ಒತ್ತಿದಾಗ ಹೆಚ್ಚು ನೋವಾದರೆ ಅದು ಬಹುಮಟ್ಟಿಗೆ ಆಣಿ. ಎರಡೂ ಬದಿಯಿಂದ ಚಿವುಟಿದಾಗ ನೋವಾದರೆ ನರಹುಲಿ. ಚರ್ಮದ ಗೆರೆಗಳು ಆಣಿಯ ಮೇಲೆ ಹಾದುಹೋಗುತ್ತವೆ, ನರಹುಲಿಯ ಅಂಚಿಗೆ ಬಂದು ನಿಂತುಬಿಡುತ್ತವೆ.

ನನಗೂ ಹಿಮ್ಮಡಿಯಲ್ಲಿ ಒಂದಿತ್ತು. ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದಂತೆ ಕಾಣುತ್ತದೆ: ಸತ್ತ ಚರ್ಮದ ಮೇಲೆಯೇ ಔಷಧಿಯನ್ನು ಹಚ್ಚುತ್ತಾ ಹೋಗುವುದು. ರಾತ್ರಿ ಪಾದವನ್ನು ಐದರಿಂದ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟು, ಒದ್ದೆಯಾಗಿ ಬೆಳ್ಳಗಾದ ಪದರವನ್ನು ಉಗುರು ಉಜ್ಜುವ ಅರದಿಂದ ನಿಧಾನವಾಗಿ ತಿಕ್ಕಿ ತೆಗೆದು, ಒರೆಸಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ಗಂಟಿನ ಮೇಲೆ ಮಾತ್ರ ಒಂದು ಹನಿ ಬಿಟ್ಟು, ಒಣಗಿದ ಮೇಲೆ ಪಟ್ಟಿ ಅಂಟಿಸಬೇಕು. ರಕ್ತ ಜಿನುಗಿದರೆ ಅಥವಾ ಉರಿ ಹೆಚ್ಚಾದರೆ ಎರಡು ದಿನ ಬಿಡಿ. ಆ ಅರವನ್ನು ಉಗುರಿಗೆ ಬಳಸಬಾರದು, ಬೇರೆಯವರಿಗೂ ಕೊಡಬಾರದು. ಮೂರು ವಾರ ಏನೇನೂ ಸಾಲದು. ಹನ್ನೆರಡು ವಾರ ಬೇಕು.

ಎರಡನೆಯ ಉತ್ತರ

ಮೇಲಿನವರ ವಿಧಾನ ಸರಿಯಾಗಿದೆ, ಆದರೆ ನಿರೀಕ್ಷೆ ಅತಿಯಾಗದಿರಲೆಂದು ಕೆಲವು ಅಂಕಿಗಳನ್ನು ಹೇಳುತ್ತೇನೆ. ನೆದರ್ಲೆಂಡ್ಸ್‌ನಲ್ಲಿ 250 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಗಾಲಿನವಲ್ಲದ ಸಾಮಾನ್ಯ ನರಹುಲಿಗಳು 13 ವಾರಗಳಲ್ಲಿ ಸಂಪೂರ್ಣ ವಾಸಿಯಾದವರ ಪ್ರಮಾಣ ಹೆಪ್ಪುಗಟ್ಟಿಸುವ ಚಿಕಿತ್ಸೆಯಲ್ಲಿ ಶೇ. 49, ಸ್ಯಾಲಿಸಿಲಿಕ್ ಆಮ್ಲದಲ್ಲಿ ಶೇ. 15, ಏನೂ ಮಾಡದೆ ಕಾದವರಲ್ಲಿ ಶೇ. 8. ಅಂಗಾಲಿನವುಗಳಲ್ಲಿ ಮೂರು ಗುಂಪುಗಳ ನಡುವೆ ಖಚಿತವಾದ ವ್ಯತ್ಯಾಸವೇ ಕಾಣಲಿಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಅಂಗಾಲಿನ ನರಹುಲಿಯಿದ್ದ 240 ಮಂದಿಯ ಮೇಲೆ ನಡೆದು ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ, 12 ವಾರಗಳಲ್ಲಿ ಎರಡೂ ಚಿಕಿತ್ಸೆಗಳು ಶೇ. 14ರಷ್ಟು ಮಂದಿಯನ್ನು ಮಾತ್ರ ಗುಣಪಡಿಸಿದ್ದವು. ಅಂಗಾಲಿನ ಚರ್ಮ ಅಷ್ಟು ದಪ್ಪ.

ಆದ್ದರಿಂದ ನಿಮ್ಮ ಬೆರಳಿಗೂ ಕಾಲಿಗೂ ಒಂದೇ ಮದ್ದು ಎಂದುಕೊಳ್ಳಬೇಡಿ. ಬೆರಳಿನದನ್ನು ಎರಡು ಮೂರು ವಾರಕ್ಕೊಮ್ಮೆ, ತಪ್ಪದೆ, ನಾಲ್ಕಾರು ಸಲ ಹೆಪ್ಪುಗಟ್ಟಿಸಿಕೊಳ್ಳುವುದು ಒಳಿತು. ಎರಡು ತಿಂಗಳ ಅಂತರವಿದ್ದರೆ ಉಳಿದ ವೈರಸ್ ಮತ್ತೆ ಚಿಗುರಲು ಸಮಯ ಕೊಟ್ಟಂತಾಗುತ್ತದೆ. ಉಂಗುರದಂತೆ ಬಂದದ್ದು ಅಪರೂಪವೇನಲ್ಲ. ಗುಳ್ಳೆಯ ಅಂಚಿನಲ್ಲಿ ವೈರಸ್ ಉಳಿದರೆ ಹಾಗಾಗುತ್ತದೆ. ಉಗುರಿನ ಬುಡಕ್ಕೆ ಹೆಚ್ಚು ಹೊತ್ತು ಹಾಕಿದರೆ ಉಗುರು ಕೆಡಬಹುದಾದ್ದರಿಂದ ವೈದ್ಯರೊಂದಿಗೆ ಮೊದಲೇ ಮಾತನಾಡಿ. ಕೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ: ಉಗುರಿನ ಪಕ್ಕದ ಸಿಬಿರನ್ನು ಹಲ್ಲಿನಿಂದ ಕಚ್ಚುವ ಅಭ್ಯಾಸ ನಿಮಗಿದೆಯೇ?

ಪ್ರಶ್ನೆ ಕೇಳಿದವರು

ಇದೆ, ಚಿಕ್ಕಂದಿನಿಂದಲೂ ಇದೆ. ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಇನ್ನೊಂದು ಸಂಶಯ: ನರಹುಲಿಯೊಳಗೆ ಲಸಿಕೆಯನ್ನೇ ಚುಚ್ಚುತ್ತಾರಂತೆ, ಅದು ಹೌದೇ? ಅಗಲವಾದ ಅಂಟುಪಟ್ಟಿ ಸುತ್ತಿದರೂ ಹೋಗುತ್ತದೆ ಎನ್ನುತ್ತಾರೆ.

ಮೂರನೆಯ ಉತ್ತರ

ಎರಡೂ ಕಟ್ಟುಕಥೆಯಲ್ಲ, ಆದರೆ ತೂಕ ಬೇರೆ ಬೇರೆ. ಅಂಟುಪಟ್ಟಿ ಹೆಪ್ಪುಗಟ್ಟಿಸುವುದಕ್ಕಿಂತಲೂ ಮೇಲು ಎಂದು 2002ರ ಒಂದು ಸಣ್ಣ ಪ್ರಯೋಗ ಹೇಳಿತು; ಮುಂದೆ ಮಕ್ಕಳಲ್ಲಿಯೂ ವಯಸ್ಕರಲ್ಲಿಯೂ ಮಾಡಿ ನೋಡಿದಾಗ ಆ ಫಲ ಮರಳಿ ಕಾಣಲಿಲ್ಲ. ಸುತ್ತಿಕೊಂಡರೆ ನಷ್ಟವಿಲ್ಲ, ನಂಬಿ ಕೂರುವಂಥದ್ದಲ್ಲ.

ಚುಚ್ಚುಮದ್ದಿನ ತರ್ಕ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ವೈರಸ್ ರಕ್ತದ ಸಂಪರ್ಕಕ್ಕೆ ಬಾರದೆ ಹೊರಚರ್ಮದಲ್ಲಿಯೇ ಅವಿತಿರುವುದರಿಂದ ದೇಹದ ರೋಗನಿರೋಧಕ ಶಕ್ತಿಗೆ ಅದರ ಸುಳಿವು ಸಿಗುವುದು ತಡ. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಯನ್ನೋ ವಿಟಮಿನ್ ಡಿ3 ಅನ್ನೋ ಗಂಟಿನೊಳಗೆ ಚುಚ್ಚಿ ಅಲ್ಲಿಗೆ ಅದರ ಗಮನ ಸೆಳೆಯುವುದು ಉದ್ದೇಶ. ಫಲಿಸಿದರೆ ಚುಚ್ಚದೆ ಬಿಟ್ಟ ದೂರದ ನರಹುಲಿಗಳೂ ಮಾಯವಾಗುವುದುಂಟು. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಆ ಜೀವಂತ ಲಸಿಕೆ ಸಲ್ಲದು. ಮಧುಮೇಹವಿರುವವರು, ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಮನೆಯಲ್ಲಿ ಆಮ್ಲವನ್ನೂ ಹಚ್ಚಬಾರದು. ಬೇಗ ಬೆಳೆಯುವ, ಹುಣ್ಣಾಗುವ, ತಾನಾಗಿ ರಕ್ತ ಸುರಿಯುವ ಗಂಟಿದ್ದರೆ ಅದು ನರಹುಲಿಯೇ ಎಂದು ಭಾವಿಸದೆ ತುಣುಕು ತೆಗೆದು ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರು, ಹದಿನಾಲ್ಕು ವಾರಗಳ ನಂತರ

ಬೆರಳಿಗೆ ಐದು ಸಲ ಹೆಪ್ಪುಗಟ್ಟಿಸಿಕೊಂಡೆ, ಕಚ್ಚುವುದನ್ನು ಬಹುಪಾಲು ಬಿಟ್ಟೆ. ಈಗ ಅಲ್ಲಿ ತಿಳಿಗೆಂಪು ಕಲೆಯೊಂದಿದೆ; ಬೆಳಕಿಗೆ ಹಿಡಿದರೆ ಚರ್ಮದ ಗೆರೆಗಳು ಅದರ ಮೇಲೆ ತುಂಡಾಗದೆ ಹಾದುಹೋಗುವುದು ಕಾಣುತ್ತದೆ. ಅಂಗಾಲಿನ ಮೂರರಲ್ಲಿ ಎರಡು ಹೋಗಿವೆ. ದೊಡ್ಡದರಲ್ಲಿ ಇನ್ನೂ ನಾಲ್ಕು ಕಪ್ಪು ಚುಕ್ಕಿಗಳಿವೆ, ಅರ ಮತ್ತು ಹನಿ ಮುಂದುವರಿದಿವೆ.